ನಂದು ಊಟ ಆಗೇತ್ರಿ

ಹಿರೇಹಡಗಲಿ ಕಡೆಯ ನಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದ ಆಕೆಯ ಕೈಕಾಲು ಕಡ್ಡಿಯಂತಿದ್ದವು, ಹೊಟ್ಟೆ ಮಾತ್ರ ಮುಂದೆ ಬಂದಿತ್ತು. ಮಕ್ಕಳ ಅನ್ನವೆಲ್ಲ ಆ ಹೊಟ್ಟೆಗೇ ಹೋಗುತ್ತದೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಕೆ ಹೊಟ್ಟೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಸಾರಿನ ಉಪ್ಪು ನೋಡಲಿಕ್ಕೂ ಮೇಷ್ಟರಾದ ನಮ್ಮನ್ನೇ ಕರೆಯುತ್ತಿದ್ದಳು. ಊಟಕ್ಕೆ ಕರೆದರೆ ಒಂದೇ ಮಾತು: "ನಂದು ಊಟ ಆಗೇತ್ರಿ."

ಒಂದು ದಿನ ಎಡಗಾಲು ಬಾತು, ನಿಲ್ಲಲಾಗದೆ ಒಲೆಯ ಮುಂದೆ ಕುಸಿದಳು. ನಾನೂ ಆಕೆಯ ಮಗಳೂ ಸೇರಿ ಆಸ್ಪತ್ರೆಗೆ ಸೇರಿಸಿದೆವು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ನಿಮ್ಮ ತಾಯಿಗೂ ಹಿಂಗ ಆಗಿತ್ತೇನು?" ಎಂದು ಡಾಕ್ಟರು ಆಕೆಯನ್ನು ಕೇಳಿದರು.

"ಹೊಟ್ಟಿನೂ ಹಿಂಗ ಇತ್ರಿ. ಕಾಲು ಬಾತೇ ಹೋದ್ಲು."

"ಕೊಬ್ಬು ಹೊಟ್ಟಿ ಸುತ್ತ ಕೂಡೋದು ವಂಶದಿಂದನೂ ಬರ್ತೈತಿ. ಅದರ ಜೋಡಿ ರಕ್ತ ಹೆಪ್ಪುಗಟ್ಟೋ ಅಪಾಯನೂ ಬರಬಹುದು."

"ಹಂಗಾದ್ರ, ನಾ ತಿಂದಿದ್ದಕ್ಕಲ್ಲೇನ್ರಿ?" ಎಂದು ಆಕೆ ಮತ್ತೆ ಮತ್ತೆ ಕೇಳಿದಳು.

ಮರುದಿನ ನಾನು ಒಯ್ದ ಇಡ್ಲಿಯನ್ನು ಇಡೀ ವಾರ್ಡಿನ ಎದುರು ಕೂತು ತಿಂದಳು. ಒಂದನ್ನು ಮಗಳ ಕಡೆ ಚಾಚಿದಳು.

ಮಗಳು ಹೊಟ್ಟೆಯ ಮೇಲೆ ದುಪಟ್ಟಾ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಹೇಳಿದಳು: "ನಂದು ಊಟ ಆಗೇತಿ."