ದೊಡ್ಡವ್ವನ ಎಡಗಾಲ ಮಾರಿದಾಂವ ನಾನ

ದೊಡ್ಡವ್ವಾ, ಆ ಫೋಟೊ ಎಣ್ಣಿ ಮಾರಾವಗ ಕೊಟ್ಟಾಂವ ನಾನ. ರಫೀಕ ಮಾಮಾ ಅಲ್ಲ. ಮೂರು ವರ್ಷ ನೀ ಸುಮ್ಮಸುಮ್ಮನ ಅವನ ಮ್ಯಾಲೆ ಸಿಟ್ಟ ಇಟಗೊಂಡಿ. ನಾ ನಿನ್ನ ಮುಂದ ಕುಂತು ರೊಟ್ಟಿ ತಿನಕೋತ, "ಹೌದ ಬಿಡು, ಫೋಟೊದವ್ರನ್ನ ನಂಬಬಾರದು" ಅಂದ್ನಿ. ಅಂದು, ಇನ್ನೊಂದ ರೊಟ್ಟಿ ಹಾಕಿಸ್ಕೊಂಡ್ನಿ. ಅಂಥಾಂವ ನಾನು.

ನನಗ ನೆಟ್ಟಗ ಬರಿಯಾಕ ಬರಂಗಿಲ್ಲ, ಏಳನೇ ಕ್ಲಾಸಿಗೆ ಸಾಲಿ ಬಿಟ್ಟಾಂವ. ಆದ್ರ ವಿಜಯಪುರದ ವಕೀಲ ಮೇಡಂ ಹೇಳ್ಯಾರ — ಮೊದಲಿಂದ ಬರಿ, ಏನೂ ಗೊತ್ತಿಲ್ಲದವರು ಓದಿದ್ರೂ ತಿಳೀಬೇಕು ಅಂತ. ಅದಕ್ಕ ನಿನಗ ಗೊತ್ತಿದ್ದದ್ದೂ ಬರದೇನಿ. ಬ್ಯಾಸರ ಮಾಡ್ಕೋಬ್ಯಾಡ.

ನೀ ಕಾಲ ಮುಂದ ಮಾಡಿ ಹುಟ್ಟಿದಾಕಿ. ಹಂಗ ಹುಟ್ಟಿದವರು ಎಡಗಾಲ ತಾಗಿಸಿದ್ರ ಹಿಡದ ಸೊಂಟಾ ಬಿಡತೈತಿ ಅಂತ ನಮ್ಮ ಕಡೆ ನಂಬಿಕಿ. ಬಿಜ್ಜರಗಿಯೊಳಗ ಹೊತ್ತ ಹೊಂಡೂದ್ರಾಗ ನಿನ್ನ ಅಂಗಳಾ ತುಂಬತಿತ್ತು. ದ್ರಾಕ್ಷಿ ಕ್ರೇಟ್ ಎತ್ತಿ ಸೊಂಟಾ ಹಿಡಕೊಂಡವರು, ಬಸ್ ಡ್ರೈವರಗೋಳು, ಒಮ್ಮೆ ಒಬ್ರು ಸಾಲಿ ಮಾಸ್ತರು. ಮಾಸ್ತರು ಬೆನ್ನ ತಿರುವಿ ನಿಂತಾಗ ನೀ ಅಂದಿ — "ಸಣ್ಣಾಕಿದ್ದಾಗ ಮಾಸ್ತರಮಂದಿ ಭಾಳ ಹೊಡದಾರ್ರಿ ನನಗ. ಇವತ್ತ ತೀರಿಸ್ಕೋತೇನಿ, ಗಟ್ಟಿ ನಿಂದರ್ರಿ." ಮೂರ ಸಲ ಕಾಲ ತಾಗಿಸೂದ್ರಾಗ ಅವರು ನಕ್ಕೋತ ನೆಟ್ಟಗ ನಿಂತ್ರು. ಕಾಲಿಂದ ನೆಟ್ಟಗಾದ್ರೋ, ನಗಿಯಿಂದೋ — ನನಗ ಗೊತ್ತಿಲ್ಲ. ಅದು ಖರೇ ಅಂತ ನಾ ಯಾರ ಜೋಡೀನೂ ವಾದ ಮಾಡಂಗಿಲ್ಲ.

ಆದ್ರ ಅದಕ್ಕ ಒಂದ ಕಟ್ಟಳಿ ಇತ್ತು. ಏನೂ ತಗೋಬಾರದು. ರೊಕ್ಕಾ ಬಿಡು, ಒಂದ ಬಟ್ಟಲ ಕೊಬ್ಬರಿ, ಒಂದ ಕಪ್ ಚಾ ಸುದ್ದಾ ಇಲ್ಲ. ತಗೊಂಡ್ರ ಕಾಲಿನ ಗುಣಾ ಹೋಗತೈತಿ. ಯಾರರ ಕಟ್ಟಿ ಮ್ಯಾಲೆ ಬಾಳಿಹಣ್ಣ ಇಟ್ಟು ಓಡಿದ್ರ ನೀ ಬೆನ್ನಹತ್ತಿ ಹೋಗಿ ತಿರುಗಿ ಕೊಟ್ಟು ಬರತಿದ್ದಿ, ಬೈಕೋತ.

ಮಾಸ್ತರು ಬಂದ ದಿನಾ ನಾ ಮೊಬೈಲದಾಗ ಫೋಟೊ ಹೊಡದ್ನಿ. ಒಂದ ಕೈಲೆ ಬೇವಿನ ಗಿಡಾ ಹಿಡದಿ, ಸೀರಿ ತುಸು ಮ್ಯಾಲೆ, ಕಾಲ ಗಾಳಿಯಾಗ, ಬಾಯಿತುಂಬ ನಗಿ. ನೀ ನೋಡಿ ಬೈದಿ, "ಲೇ ಬಸ್ಯಾ, ಮೊಣಕಾಲ ತನಕಾ ಕಾಣಾಕತ್ತೇತಿ. ಅಳಿಸಿ ಒಗಿ ಅದನ್ನ."

"ಅಳಿಸೇನಿ ನೋಡ ದೊಡ್ಡವ್ವಾ" ಅಂದ್ನಿ.

ಅಳಿಸಿರಲಿಲ್ಲ. ಚಂದ ಬಂದಿತ್ತು, ಅದಕ್ಕ — ಇಲ್ಲ, ಅದಕ್ಕ ಇದಕ್ಕ ಅನ್ನೂದ ಬ್ಯಾಡ. ಅಳಿಸಿರಲಿಲ್ಲ, ಅಳಿಸೇನಿ ಅಂದ್ನಿ. ಅಷ್ಟ.

ಆಗ ನಾ ವಿಜಯಪುರದಾಗ ಒಂದ ಫ್ಲೆಕ್ಸ್ ಅಂಗಡಿಗೆ ಹೊಸದಾಗಿ ಸೇರಿದ್ನಿ. ಮೊಣಕಾಲ ನೋವಿನ ಎಣ್ಣಿ ಮಾರಾಂವ ಒಬ್ಬ ಫ್ಲೆಕ್ಸ್ ಮಾಡಸಾಕ ಬಂದ. ಕಂಪ್ಯೂಟರದಾಗ ತೋರಿಸಿದ ಮುದುಕೇರು ಒಬ್ಬರೂ ಅವಗ ಪಸಂದ ಬೀಳಲಿಲ್ಲ. "ಇವ್ರೆಲ್ಲಾ ಪೌಡರ ಹಚ್ಕೊಂಡ ಮುದುಕೇರು. ನಮ್ಮ ಬಿಸಲಾಗ ದುಡದ ಮಾರಿ ಬೇಕಪಾ" ಅಂದ. ಮಾಲಕ ನನ್ನ ಕಡೆ ನೋಡಿದ. ನನಗ ಶಾಣ್ಯಾ ಅನಿಸ್ಕೋಬೇಕಿತ್ತು. ಮೊಬೈಲ ತಗದು ತೋರಿಸಿದ್ನಿ.

ಫೋಟೊ ಅಷ್ಟ ಅಲ್ಲ. ಇದನ್ನ ವಕೀಲ ಮೇಡಂಗೂ ಮೊದಲನೇ ಸಲ ಹೇಳಲಿಲ್ಲ, ಎರಡನೇ ಸಲ ಹೋದಾಗ ಹೇಳೇನಿ — ಅದರ ಕೆಳಗಿನ ಸಾಲೂ ನಂದ. "ಬಿಜ್ಜರಗಿ ದೊಡ್ಡವ್ವನ ಕಾಲಿನ ಗುಣಾ, ಈಗ ಬಾಟ್ಲಿಯೊಳಗ." ಎಣ್ಣಿಯಾಂವ ಖುಷಿ ಆಗಿ ನನಗ ಒಂದ ಜೋಡಿ ಬೂಟ ಕೊಡಿಸಿದ. ನೀ ಆ ಬೂಟ ನೋಡಿ ನನಗ ದೃಷ್ಟಿ ತಗದಿದ್ದಿ.

ನಿನ್ನ ಒಂದ ಮಾತ ಕೇಳಬೇಕು ಅಂತ ತಲ್ಯಾಗ ಬರಲೇ ಇಲ್ಲ. ನಮ್ಮ ದೊಡ್ಡವ್ವ ಅಲ್ಲಾ — ನಮ್ಮ ಮನೀ ತಾಟು, ನಮ್ಮ ಮನೀ ಚರಗಿ ಇದ್ದಂಗ...

ತಿಕೋಟಾ ಬಸ್‌ಸ್ಟ್ಯಾಂಡಿನಾಗ ಆಳೆತ್ತರ ಫ್ಲೆಕ್ಸ್ ಹಾಕಿದ್ರು. ಸಂತಿಗೆ ಹೋದಾಗ ನೀ ನೋಡಿದಿ, ಚೀಲಾ ಹೊತ್ಕೊಂಡು ನಾ ಹಿಂದಿದ್ನಿ. ಯಾರೋ ಒಬ್ಬಾಕಿ ಗುರ್ತ ಹಿಡದು, "ಏನಬೇ, ಕಾಲಿಗೆ ಎಷ್ಟ ಕೊಟ್ರು?" ಅಂದು ನಕ್ಕಳು. ನೀ ಸೆರಗ ಮಾರಿ ಮ್ಯಾಲೆ ಎಳಕೊಂಡಿ, ಊರ ಬರೂತನಕ ತಗೀಲಿಲ್ಲ. ಮರುದಿನಾ ಒಬ್ಬ ಡ್ರೈವರ ಸೊಂಟಾ ಹಿಡಕೊಂಡು ಬಂದ. "ದವಾಖಾನಿಗೆ ಹೋಗಪಾ. ಈ ಕಾಲ ಮಾರಾಟ ಆಗೇತಿ" ಅಂದಿ. ಅವತ್ತಿಂದ ಯಾರಿಗೂ ಕಾಲ ತಾಗಿಸಿಲ್ಲ. ಬೆಳಿಗ್ಗೆ ಎದ್ದು ಅಂಗಳಾ ಕಸಾ ಹೊಡದು, ಒಳಗ ಹೋಗಿ ಬಾಗ್ಲಾ ಹಾಕ್ಕೋತಿ. ಇಡೀ ಓಣಿ ನಗಸಾಕಿ ನೀ, ದೊಡ್ಡವ್ವಾ —

ನಾ ಅಳಿಸೇನಿ ಅಂದದ್ದನ್ನ ನೀ ನಂಬಿದ್ದಿ. ಉಳದಾಂವ ಬಬಲೇಶ್ವರದ ರಫೀಕ ಮಾಮಾ ಒಬ್ಬನ. ನಮ್ಮ ಮನೀ ಮದುವಿ ಎಲ್ಲಾ ಅವನ ಕ್ಯಾಮೆರಾದಾಗ ಆಗ್ಯಾವ, ಆ ದಿನಾನೂ ಕ್ಯಾಮೆರಾ ಹಿಡಕೊಂಡು ಅಂಗಳದಾಗ ಇದ್ದ. ನೀ ಅವಗ ಹೊಸ್ತಲಾ ತುಳೀಬ್ಯಾಡ ಅಂದಿ. ಅಂವ ಚಪ್ಪಲಿ ಮೆಟ್ಟಿಕೊಂಡು ಹೋದ. ಮೊನ್ನೆ ಮಮದಾಪುರದಾಗ ಒಂದ ಮದುವ್ಯಾಗ ಸಿಕ್ಕ. "ಬಸು, ಅದು ಮೊಬೈಲ ಫೋಟೊ ಅಂತ ನನಗ ನೋಡಿದ ದಿನಾನ ಗೊತ್ತಾತು" ಅಂದ. "ನಾ ಹೇಳಂಗಿಲ್ಲ. ನನ್ನ ಮ್ಯಾಲಿನ ಸಿಟ್ಟ ಅಕ್ಕಾ ತಡಕೋತಾಳ. ನಿನ್ನ ಮ್ಯಾಲೆ ಸಿಟ್ಟ ಬಂದ್ರ ತಡಕೊಳ್ಳಾಕ ಆಗಂಗಿಲ್ಲ ಆಕಿಗೆ. ನೀನ ಹೇಳು."

ಮರುದಿನಾನ ವಕೀಲ ಮೇಡಂ ಕಡೆ ಹೋದ್ನಿ. ಫ್ಲೆಕ್ಸ್ ಹರದು ಹೋಗೇತಿ, ಆದ್ರ ಎಣ್ಣಿ ಬಾಟ್ಲಿ ಮ್ಯಾಲೆ ನೀ ಇನ್ನೂ ಕಾಲ ಎತ್ತಿ ನಿಂತೀದಿ. ಅವರು ನೋಡಿ ಅಂದ್ರು, "ಒಬ್ಬರ ಮಾರಿ ಅವರ ಸ್ವಂತದ್ದು. ಕೇಳಲಾರದ ವ್ಯಾಪಾರಕ್ಕ ಹಚ್ಚಿದ್ರ ಕೋರ್ಟಿಗೆ ಹೋಗಬಹುದು. ಮೊದಲ ನೋಟಿಸ್ ಕೊಡೂಣು. ಫೋಟೊ ಕೊಟ್ಟಾಂವ ಯಾರು?"

"ನಾನ್ರಿ."

ಪೆನ್ನ ಕೆಳಗಿಟ್ರು. "ಹಂಗಾರ ನಿನ್ನ ಹೆಸರೂ ಬರತೈತಿ. ಆಕಿ ನಿನ್ನ ಮ್ಯಾಲೂ ಕೇಸ್ ಹಾಕಬಹುದು. ತಿಳೀತಿಲ್ಲೋ?"

"ಬರೀರಿ" ಅಂದ್ನಿ.

ಇದರ ಹಿಂದ ಅವರು ಬರದ ನೋಟಿಸಿನ ಕಾಗದ ಐತಿ. ಬಾಟ್ಲಿ ಮ್ಯಾಲಿಂದ ನಿನ್ನ ಚಿತ್ರಾ ತಗೀಬೇಕು ಅಂತ ಐತಿ. ಅದಕ್ಕಿಂತ ಮೊದಲ ಇನ್ನೊಂದ ಮಾತೈತಿ, ಅದನ್ನ ಎರಡ ಸಲ ಓದು — ಈ ಹೆಣ್ಣಮಗಳು ಯಾರಿಗೂ ಒಪ್ಪಿಗಿ ಕೊಟ್ಟಿಲ್ಲ, ಯಾರ ಕಡೆಯಿಂದನೂ ಏನೂ ತಗೊಂಡಿಲ್ಲ. ಫೋಟೊ ಕೊಟ್ಟಾಂವ, ಬೂಟ ತಗೊಂಡಾಂವ ಆಕಿ ತಂಗಿ ಮಗ. ಅಲ್ಲೆ ನನ್ನ ಪೂರಾ ಹೆಸರೈತಿ.

ನೀ ಅದನ್ನ ಹೊಡದ ಹಾಕಸು ಅಂತಿ, ನನಗ ಗೊತ್ತೈತಿ. ಹುಡುಗ, ತಿಳೀಲಿಲ್ಲ ಅಂತಿ. ತಿಳದಿತ್ತು, ದೊಡ್ಡವ್ವಾ. ನೀ ಬ್ಯಾಡ ಅಂದದ್ದ ಈ ಕಿವೀಲೆ ಕೇಳಿದ್ನಿ. ನನ್ನ ಹೆಸರ ಹೊಡದ್ರ ನೀನ ಮಾರಿದಂಗ ಉಳೀತೈತಿ.

ನಾ ಹೊರಗ ಕಟ್ಟಿ ಮ್ಯಾಲೆ ಕುಂತೇನಿ. ಒಳಗ ಕರೀಬ್ಯಾಡ. ನಿಧಾನ ಓದು, ಓದಿ ಸಹಿ ಮಾಡು.