ತಮ್ಮನ ಬೈಕಿಗೆ ನಾನು ಹಾಕಿದ ಬೆಸುಗೆ

ತಮ್ಮ ಬಿದ್ದ ಮೇಲೆ ನಾನು ರಸ್ತೆಯ ಗುಂಡಿಯನ್ನು ಬೈದಷ್ಟು ಯಾರೂ ಬೈದಿರಲಿಕ್ಕಿಲ್ಲ. ಗುಂಡಿಯ ಫೋಟೋ ತೆಗೆದುಕೊಂಡು ವಾರ್ಡ್ ಆಫೀಸಿಗೆ ಹೋದೆ, ಮರಾಠಿಯಲ್ಲಿ ಕೂಗಾಡಿದೆ, ಮೇಜು ಗುದ್ದಿದೆ. ಅಲ್ಲಿದ್ದ ಕಾರಕೂನ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ. ಆ ಮನುಷ್ಯನ ಮುಖ ನೆನಪಾದರೆ ಈಗ ನನ್ನ ಮೇಲೆ ನನಗೇ ಹೇಸಿಗೆ ಬರುತ್ತದೆ. ನನ್ನ ತಮ್ಮನನ್ನು ಬೀಳಿಸಿದ್ದು ಗುಂಡಿಯಲ್ಲ, ನಾನು.

ಪುಣೆಯ ಹಡಪಸರದಲ್ಲಿ ನನ್ನದೊಂದು ಆರ್ಗನ್ ವೆಲ್ಡಿಂಗ್ ಅಂಗಡಿ ಇದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಈ ಕೆಲಸಕ್ಕೆ ಕೂತವನು ನಾನು. ಸೋರುವ ರೇಡಿಯೇಟರು, ಸೀಳಿದ ಎಂಜಿನ್ ಚೇಂಬರು ಹೀಗೆ ಅಲ್ಯೂಮಿನಿಯಂ ಕೆಲಸವೇ ಹೆಚ್ಚು. ಬೆಸುಗೆ ಹಾಕಿದ ಮೇಲೆ ಅದನ್ನು ಸವರಿ, ಪಾಲಿಶ್ ಮಾಡಿ, ಒಡೆದ ಗುರುತೇ ಕಾಣದಂತೆ ಮಾಡಿ ಕೊಡುವುದು ನಮ್ಮಲ್ಲಿ ಪದ್ಧತಿ. ಗಿರಾಕಿ ಅದರ ಮೇಲೆ ಬೆರಳಾಡಿಸಿ ಎಲ್ಲಿ ಒಡೆದಿತ್ತು ಎಂದು ಕೇಳಬೇಕು. ಆ ಮಾತು ಕೇಳುವ ಚಟ ನನಗೆ ಹತ್ತಿತ್ತು.

ಅವ್ವ, ನಾನು, ತಮ್ಮ, ಅವನ ಹೆಂಡತಿ ಎಲ್ಲ ಇರುವುದು ಒಂದೇ ಮನೆಯಲ್ಲಿ. ತಮ್ಮ ವಿಮಾನ ನಗರದ ಆಫೀಸಿಗೆ ಹೋಗಿಬರಲು ಹಳೆಯದೊಂದು ದೊಡ್ಡ ಬೈಕು ಕೊಂಡಿದ್ದ. ಅದರ ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಗಾಲಿಯನ್ನು ಹಿಡಿದಿರುವ ಅಲ್ಯೂಮಿನಿಯಂ ತೋಳು, ಬಿರುಕು ಬಿಟ್ಟಿತು. ಬೆಸುಗೆ ಬೇಡ, ಹೊಸದನ್ನೇ ತರಿಸಬೇಕು, ಬರಲು ಸ್ವಲ್ಪ ತಡವಾಗುತ್ತದೆ ಎಂದು ಗ್ಯಾರೇಜಿನ ಮಿಸ್ತ್ರಿ ಹೇಳಿದ. ಅಲ್ಲಿಯವರೆಗೆ ಬಸ್ಸಿನಲ್ಲಿ ಓಡಾಡಲು ತಮ್ಮ ತಯಾರಿದ್ದ. ತಡೆದವನು ನಾನೇ.

"ಮನ್ಯಾಗ ನಾ ಇದ್ದೀನಿ, ನೀ ಹೊಸಾದು ತರಸ್ತಿ? ಮಂದಿ ನಗತಾರಲೇ."

"ಮಿಸ್ತ್ರಿ ಬ್ಯಾಡ ಅಂದಾನ, ಅಣ್ಣಾ."

"ಅವಗ ಬೆಸುಗಿ ಬರಂಗಿಲ್ಲ, ಅದಕ್ಕ ಬ್ಯಾಡ ಅಂತಾನ."

ಮಿಸ್ತ್ರಿ ಹೇಳಿದ್ದು ಸರಿ ಎಂದು ನನಗೆ ಗೊತ್ತಿತ್ತು. ಇಂಥ ತೋಳಿನ ಅಲ್ಯೂಮಿನಿಯಂ ಪಾತ್ರೆಯ ಅಲ್ಯೂಮಿನಿಯಂ ಅಲ್ಲ. ಕಾರಖಾನೆಯ ಭಟ್ಟಿಯಲ್ಲಿ ಕಾಯಿಸಿ, ತಣಿಸಿ ಅದಕ್ಕೆ ಹದ ಕೊಟ್ಟಿರುತ್ತಾರೆ. ಅದರ ಬಲವೆಲ್ಲ ಆ ಹದದಲ್ಲಿ. ನಮ್ಮ ಬೆಸುಗೆಯ ಬಿಸಿ ತಾಗಿದರೆ ಹದ ಕೆಡುತ್ತದೆ. ಬೆಸುಗೆ ಗಟ್ಟಿಯಾಗಿ ನಿಂತರೂ ಅದರ ಪಕ್ಕದ ಲೋಹ ಮೆತ್ತಗಾಗುತ್ತದೆ. ಅವತ್ತು ಬೆಸುಗೆ ಆರಿದ ಮೇಲೆ ಪಕ್ಕದಲ್ಲಿ ಲೋಹ ಸವರುವ ಅರ ಹಾಕಿ ಉಜ್ಜಿದೆ. ಮೊದಲು ಜಾರುತ್ತಿದ್ದ ಅರ ಈಗ ಹಿಟ್ಟು ತೆಗೆದಂತೆ ಲೋಹ ತೆಗೆಯಿತು. ನನ್ನ ಕೈಗೆ ಅದು ತಿಳಿಯಿತು. ಆದರೂ ಬೆಸುಗೆಯನ್ನು ಸಪಾಟಾಗಿ ಸವರಿದೆ, ಅದರ ದಪ್ಪದಿಂದ ಇದ್ದಷ್ಟು ಬಲವನ್ನೂ ತೆಗೆದೆ, ಕರಿ ಬಣ್ಣ ಬಳಿದೆ. ಅವ್ವ ಮುಟ್ಟಿ ನೋಡಿ ಏನೂ ಕಾಣುವುದಿಲ್ಲ ಎಂದಳು. ನಾನು ಉಬ್ಬಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಸೇತುವೆಯ ಇಳಿಜಾರಿನಲ್ಲಿ ತೋಳು ಮುರಿದು ತಮ್ಮ ಬಿದ್ದ. ತೊಡೆಯ ಮೂಳೆ ಮುರಿದು ರಾಡ್ ಹಾಕಿದರು. ಬೈಕನ್ನು ಟೆಂಪೋದಲ್ಲಿ ತಂದಾಗ ಮೊದಲು ನೋಡಿದವನು ನಾನೇ. ಬೆಸುಗೆ ಹಾಗೇ ಇತ್ತು. ಅದರ ಪಕ್ಕದಲ್ಲಿ, ನನ್ನ ಅರ ಆಡಿದ ಜಾಗದಲ್ಲಿ, ತೋಳು ತುಂಡಾಗಿತ್ತು. ಹೇಗಾಯಿತು ಎಂದು ಯಾರೋ ಕೇಳಿದರು. ಅಲ್ಲೊಂದು ಸಣ್ಣ ಗುಂಡಿ ಇತ್ತಲ್ಲ, ನನ್ನ ಬಾಯಿಗೆ ಅದೇ ಬಂತು. ಮನೆಯವರೆಲ್ಲ ಅದನ್ನೇ ನಂಬಿದರು.

ಕುಂಟುತ್ತಲಾದರೂ ನಡೆಯುವಂತಾದ ಮೇಲೆ ತಮ್ಮ ಒಂದು ದಿನ ಆ ಎರಡು ತುಂಡುಗಳನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದ.

"ಅಣ್ಣಾ, ನಿನ್ನ ಬೆಸುಗಿ ಭಾಳ ಗಟ್ಟಿ ಅದ ನೋಡು, ಅಲ್ಲಿ ಬಿಟ್ಟಿಲ್ಲ. ಬಾಜೂಕ ಮುರದದ. ಇಲ್ಲೂ ಒಂದು ಹಚ್ಚಿಕೊಡು, ಹೊಸಾದು ಬ್ಯಾಡ."

ನನ್ನ ತಲೆ ಕೆಟ್ಟಿತು. ಕಾಲು ಮುರಿಸಿಕೊಂಡವನು ಬಂದು ನನ್ನನ್ನೇ ಹೊಗಳುತ್ತಿದ್ದ. ಅವನ ಕೈಯಿಂದ ತುಂಡುಗಳನ್ನು ಕಸಿದು, ಗ್ರೈಂಡರ್ ಹಚ್ಚಿ, ಪುಣೆಯ ಯಾವ ವೆಲ್ಡರನೂ ಕೂಡಿಸಲಾಗದಂತೆ ಕತ್ತರಿಸಿ ಹಾಕಿದೆ. ಅವನು ಗೋಡೆ ಹಿಡಿದು ನಿಂತುಬಿಟ್ಟ. ಗುಂಡಿಯದೇನೂ ತಪ್ಪಿಲ್ಲ, ಬೆಸುಗೆಯ ಬಿಸಿಗೆ ತೋಳು ಸೋತಿತ್ತು, ಮುರಿದದ್ದನ್ನು ನೋಡಿದಾಗ ನನಗೆ ತಿಳಿಯಿತು ಎಂದು ಹೇಳಿದೆ. ಅಷ್ಟನ್ನೇ ಹೇಳಿದೆ. ಅರ ಮುಂಚೆಯೇ ಹೇಳಿದ್ದನ್ನು ಆಗಲೂ ನುಂಗಿದೆ.

ಅವನು ಖಾಲಿ ಗೋಣಿಚೀಲವನ್ನು ಮಡಚಿದ. ಆಮೇಲೆ, "ನಿನಗ ಮೊದಲ ಗೊತ್ತಿದ್ದರ ಹಚ್ಚತಿದ್ದಿ ಏನು? ಬಿಡು," ಎಂದ. ನನ್ನನ್ನು ಅವನೇ ಸಮಾಧಾನ ಮಾಡಿದ.

ಹೊಸ ತೋಳು ಬಂತು, ಗ್ಯಾರೇಜಿನ ಮಿಸ್ತ್ರಿಯೇ ಅದನ್ನು ಕೂಡಿಸಿದ. ಆ ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅಣ್ಣ ಇರುವಾಗ ಬೇರೆಯವನ ಕೈಗೆ ಯಾಕೆ ಕೊಟ್ಟೆ ಎಂದು ಅವ್ವ ತಮ್ಮನನ್ನು ಕೇಳಿದಳು. ಅಣ್ಣನಿಗೆ ಕೆಲಸ ಬಹಳ ಎಂದು ಅವನು ಮಾತು ಹಾರಿಸಿದ. ಅವನು ನನ್ನನ್ನು ಕಾಪಾಡುವುದನ್ನು ನೋಡಿ ನನಗೆ ಮೈ ಉರಿಯಿತು. ನನ್ನ ಬೆಸುಗೆಯಿಂದಲೇ ಮುರಿಯಿತು ಅವ್ವಾ ಎಂದೆ.

ಅವ್ವ ರೊಟ್ಟಿ ಬುಟ್ಟಿ ಕೆಳಗಿಟ್ಟಳು. "ಯಾವಾಗ ಗೊತ್ತಾತು ನಿನಗ? ಮುರದ ಮ್ಯಾಲೋ, ಹಚ್ಚೂ ಮುಂದೋ?"

"ಹಚ್ಚೂ ಮುಂದ," ಎಂದೆ.

ತಮ್ಮ ಬಾಯಿಗೆ ಒಯ್ದ ತುತ್ತನ್ನು ತಾಟಿನಲ್ಲಿ ಹಾಕಿದ. ಎದ್ದು ಕೈ ತೊಳೆದುಕೊಂಡ. ಈ ಸಲ ಬಿಡು ಎನ್ನಲಿಲ್ಲ. ತನ್ನ ಹೆಂಡತಿಯನ್ನು ಕರೆದು, ಊರಿನ ಆ ತುದಿಗೆ, ವಾಕಡ ಕಡೆ ಬಾಡಿಗೆ ಮನೆ ನೋಡೋಣ ಎಂದ.