ಅವರು ಮುಖ ತಿರುಗಿಸಿದ್ದಕ್ಕೆ ಇ-ರೀಡರ್ ಕೊಂಡೆವು

ನಮ್ಮ ಮನೆಯಲ್ಲಿ ಜಗಳ ಹೊಸದಲ್ಲ. ಆದರೆ ಆ ಬೇಸಿಗೆಯಲ್ಲಿ ಇ-ರೀಡರೋ ಟ್ಯಾಬ್ಲೆಟೋ ಅಂತ ನಾನೂ ನನ್ನ ಮೈದುನನೂ ವಾರಗಟ್ಟಲೆ ಕಿತ್ತಾಡಿದ್ದನ್ನು ನೆನೆಸಿಕೊಂಡರೆ ಮೈ ಉರಿಯುತ್ತದೆ. ಯಾರಿಗಾಗಿ ಕಿತ್ತಾಡುತ್ತಿದ್ದೆವೋ ಆ ಮನುಷ್ಯ, ನನ್ನ ಗಂಡ, ಪಡಸಾಲೆಯಲ್ಲಿ ಕೂತು ಇಬ್ಬರ ಮಾತನ್ನೂ ಕೇಳುತ್ತಿದ್ದರು. ತಮಗೆ ಯಾವುದು ಬೇಕು ಅಂತ ಒಂದು ಮಾತೂ ಆಡಲಿಲ್ಲ.

ಅವರದು ಹುಬ್ಬಳ್ಳಿ ಪೇಟೆಯಲ್ಲಿ ಹತ್ತಿಯ ದಲಾಲಿ ಅಂಗಡಿ. ಹುಟ್ಟಿದ್ದು ಹತ್ತಿರದ ಸುಳ್ಳ ಅನ್ನುವ ಹಳ್ಳಿಯಲ್ಲಿ, ಸಾಲಿ ಕಲಿತದ್ದು ಅಷ್ಟಕ್ಕಷ್ಟೇ. ಓದುವ ಹುಚ್ಚು ಮಾತ್ರ ಎಲ್ಲಿಂದ ಅಂಟಿಕೊಂಡಿತೋ ಶಿವನೇ ಬಲ್ಲ. ಹರಾಜಿನ ಸವಾಲು ಮುಗಿದು ಇನ್ನೊಂದು ಗಾಡಿ ಬರುವಷ್ಟರಲ್ಲಿ ಹತ್ತಿ ತುಂಬಿದ ದೊಡ್ಡ ಚೀಲದ ಅಂಡಿಗೆಗೆ ಬೆನ್ನು ಕೊಟ್ಟು ಕಾದಂಬರಿ ಬಿಚ್ಚುತ್ತಿದ್ದರು. 'ಈ ಸಾಹುಕಾರ ಹತ್ತಿ ತೂಗತಾನೋ ಹಾಳಿ ತಿರುವತಾನೋ' ಅಂತ ಹಮಾಲರು ನಗುತ್ತಿದ್ದರು. ಹೆಬ್ಬಳ್ಳಿಯಿಂದ ಮದುವೆಯಾಗಿ ಬಂದ ಹೊಸದರಲ್ಲಿ ನಾನು ಆ ಪುಸ್ತಕದ ಕಪಾಟನ್ನು ನನ್ನ ಸವತಿ ಅನ್ನುತ್ತಿದ್ದೆ. ಆಮೇಲೆ ಸವತಿಯ ಜೊತೆ ನನಗೂ ಗೆಳೆತನವಾಯಿತು. ಊಟವಾದ ಮೇಲೆ ಅವರು ಓದಿದ್ದನ್ನು ಹೇಳುವುದು, ನಾನು ಅದಕ್ಕೆ ಕೊಕ್ಕೆ ಹಾಕುವುದು, ಇದೇ ನಮ್ಮ ಸಂಸಾರ. ಮಕ್ಕಳಾಗಲಿಲ್ಲ. ಆ ಮಾತುಗಳಿಲ್ಲದೆ ಹೋಗಿದ್ದರೆ ನಾವಿಬ್ಬರೂ ಎಂದೋ ಮೂಕರಾಗಿಬಿಡುತ್ತಿದ್ದೆವು.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಗೋಡೆ ಹಿಡಿದು ಕುಸಿದರು. ಮೆದುಳಿಗೆ ರಕ್ತ ಹೋಗುವ ನಾಳ ಕಟ್ಟಿತ್ತು. ದವಾಖಾನೆಯಿಂದ ನವನಗರದ ಮನೆಗೆ ಬಂದಾಗ ನಡಿಗೆ ಸರಿಯಿತ್ತು, ಮಾತು ಸ್ವಚ್ಛವಿತ್ತು, ಬಲಗೈಯಲ್ಲಿ ಮಾತ್ರ ಸ್ವಲ್ಪ ಶಕ್ತಿ ಕಮ್ಮಿ. ದೇವರು ದೊಡ್ಡವನು ಅಂತ ನಾನು ತುಪ್ಪದ ದೀಪ ಹಚ್ಚಿದೆ. ಆದರೆ ಪುಸ್ತಕ ಹಿಡಿದರೆ ಒಂದೆರಡು ನಿಮಿಷಕ್ಕೆ ಮಡಿಚಿಟ್ಟುಬಿಡುತ್ತಿದ್ದರು. ಕೇಳಿದರೆ, "ಈಗಿನವ್ರು ಅಕ್ಷರ ಭಾಳ ಸಣ್ಣ ಮಾಡ್ಯಾರ" ಅಂದರು. ಚಷ್ಮಾ ಬದಲಾಯಿಸಿದೆವು. ಆಮೇಲೆ, "ಕೈ ಸೋಲತೈತಿ" ಅಂದರು. ಮುಂಜಾನೆ ಪೇಪರು ಮಾತ್ರ ಹಿಡಿದು ಕೂರುತ್ತಿದ್ದರು. ಊಟದ ನಂತರದ ಮಾತು ನಿಂತುಹೋಯಿತು. ಈ ಮನುಷ್ಯ ಓದದೆ ಹೋದರೆ ಒಳಗೊಳಗೇ ಒಣಗಿ ಹೋಗುತ್ತಾರೆ ಅನ್ನುವ ಹೆದರಿಕೆ ನನ್ನನ್ನು ಹಿಡಿಯಿತು. ಅಕ್ಷರ ದೊಡ್ಡದಾಗಬೇಕು, ಹಿಡಿಯಲು ಹಗುರವಿರಬೇಕು, ಅದಕ್ಕೊಂದು ಯಂತ್ರ ತರಬೇಕು ಅಂತ ಹೊರಟಿದ್ದು ಹೀಗೆ.

ಮೈದುನ ಟ್ಯಾಬ್ಲೆಟ್ ಪಕ್ಷ. "ವೈನಿ, ಅದರಾಗ ಪುಸ್ತಕನೂ ಓದಬಹುದು, ಪ್ರವಚನಾನೂ ನೋಡಬಹುದು, ಅದು ತಾನ ಓದಿ ಹೇಳತೈತಿ. ಒಂದು ರೊಕ್ಕಕ್ಕ ನಾಕು ಕೆಲಸ" ಅಂದ. ನಾನು ಇ-ರೀಡರ್ ಪಕ್ಷ. ಪಕ್ಕದ ಮನೆಯ ಮೇಡಂ ಒಬ್ಬರು ತಮ್ಮದನ್ನು ನನ್ನ ಕೈಗೆ ಕೊಟ್ಟಿದ್ದರು. ಒಣಗಿಸಿದ ಕಟಕರೊಟ್ಟಿ ಹಿಡಿದಷ್ಟು ಹಗುರ. ಕಣ್ಣಿಗೆ ಬಡಿಯುವ ಬೆಳಕಿಲ್ಲ, ಹಾಳೆ ನೋಡಿದ ಹಾಗೇ ಇತ್ತು. "ನಿಮ್ಮಣ್ಣಗ ಓದಾಕ ಬೇಕಾಗೇತಿ, ಸಿನಿಮಾ ನೋಡಾಕಲ್ಲ" ಅಂತ ನಾನು ಹರಿಹಾಯ್ದೆ. ಕಡೆಗೆ ಅವರನ್ನೇ ಅಂಗಡಿಗೆ ಕರೆದುಕೊಂಡು ಹೋಗುವುದು, ಅವರು ಮೆಚ್ಚಿದ್ದನ್ನು ತರುವುದು ಅಂತ ಆಯಿತು.

ಇಲ್ಲಿ ಪೇಟೆಯ ಒಂದು ರೂಢಿ ಹೇಳಬೇಕು. ಹತ್ತಿ ಕೊಳ್ಳುವವರು ಅಂಡಿಗೆಯಿಂದ ಒಂದು ಹಿಡಿ ಕಿತ್ತು, ಎಳೆದು ನೋಡಿ, ಮಾಲು ಮನಸ್ಸಿಗೆ ಬಂದರೆ ಮುಖ ತಿರುಗಿಸಿಬಿಡುತ್ತಾರೆ. ಆಕಾಶ ನೋಡುತ್ತಾರೆ, ಕೆಮ್ಮುತ್ತಾರೆ. ಕೊಳ್ಳುವ ಮನಸ್ಸಿಲ್ಲದ ಮಾಲಿಗೆ ಮಾತ್ರ ಬಾಯಿತುಂಬ 'ಛಲೋ ಐತಿ' ಅನ್ನುತ್ತಾರೆ. ಮೆಚ್ಚಿದ್ದು ಗೊತ್ತಾದರೆ ದರ ಏರುತ್ತದಲ್ಲ. ನನ್ನ ಗಂಡನಿಗೆ ಈ ಚಟ ಎಷ್ಟು ಹತ್ತಿತ್ತೆಂದರೆ ಸೀರೆಯ ಅಂಗಡಿಯಲ್ಲಿ, ಕಾಯಿಪಲ್ಯೆಯ ಸಂತೆಯಲ್ಲಿ, ಕನ್ಯೆ ನೋಡಲು ಬಂದಾಗಲೂ ಹಾಗೇ. ನಮ್ಮ ಮನೆಯಲ್ಲಿ ಕೂತು ಅವರು ಚಾವಣಿಯ ತೊಲೆ ನೋಡಿದ್ದೇ ನೋಡಿದ್ದು. ನನ್ನ ಅವ್ವ ಹುಡುಗ ಒಲ್ಲೆ ಅಂತಾನೆ ಎಂದು ಅತ್ತಿದ್ದಳು. ಮರುದಿನವೇ ಒಪ್ಪಿಗೆ ಬಂತು.

ಹುಬ್ಬಳ್ಳಿಯ ಆ ಅಂಗಡಿಯ ಹುಡುಗಿ ಜಾಣೆ. ಇ-ರೀಡರಿನಲ್ಲಿ ಒಂದು ಕನ್ನಡ ಕಥೆ ತೆರೆದು, ಅಕ್ಷರ ದೊಡ್ಡದು ಮಾಡಿ ಅವರ ಎಡಗೈಗೆ ಕೊಟ್ಟಳು. ಅವರು ನೋಡಿದರು. ತುಸು ಹೊತ್ತು ನೋಡಿದರು. ಆಮೇಲೆ ಮುಖ ತಿರುಗಿಸಿ ಬಾಗಿಲ ಕಡೆ, ರಸ್ತೆಯ ಕಡೆ ನೋಡತೊಡಗಿದರು. ನಾನು ಮೈದುನನಿಗೆ ಕಣ್ಣು ಹೊಡೆದೆ. ಆ ಹುಡುಗಿ ಟ್ಯಾಬ್ಲೆಟ್ ತಂದು, ಅದೇ ಕಥೆಯನ್ನು ಅದರ ಬಾಯಿಂದ ಓದಿಸಿದಳು. ಇವರು ಕುರ್ಚಿಯಲ್ಲಿ ಮುಂದೆ ಬಾಗಿ ಕಿವಿಗೊಟ್ಟು ಕೇಳಿದರು. "ಛಲೋ ಐತಿ ಇದು," ಅಂದರು. ಮತ್ತೊಮ್ಮೆ, "ಖರೇನ ಛಲೋ ಐತಿ" ಅಂದರು.

ನಾನೂ ಮೈದುನನೂ ಗೊಳ್ಳನೆ ನಕ್ಕೆವು. ಟ್ಯಾಬ್ಲೆಟ್ ಪಕ್ಷದ ಮೈದುನನೇ, "ಆತು ಬಿಡ್ರಿ ವೈನಿ, ನೀವು ಗೆದ್ದ್ರಿ, ಅಣ್ಣ ಮೊದಲಿನದಕ್ಕ ಮನಸೋತಾನ" ಅಂದ. ಇ-ರೀಡರ್ ಕಟ್ಟಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅವರು ಆ ಡಬ್ಬಿಯ ಕಡೆ ತಿರುಗಿಯೂ ನೋಡಲಿಲ್ಲ. ಮೆಚ್ಚಿದ ಮಾಲು ಕೈಗೆ ಬಂದ ಮೇಲೂ ಬಿಂಕ ನೋಡು ಅಂತ ನಾನು ಮನಸ್ಸಿನಲ್ಲೇ ಕೊಂಡಾಡಿದೆ.

ಅದಾದ ಮೇಲೆ ದಿನಾ ಮಧ್ಯಾಹ್ನ ಚಹಾದ ಹೊತ್ತಿಗೆ ಅದನ್ನು ಹಿಡಿದು ಕಟ್ಟೆಯ ಮೇಲೆ ಕೂರುತ್ತಿದ್ದರು. ಹೆಬ್ಬೆರಳಿನಿಂದ ಗುಂಡಿ ಒತ್ತುವುದು, ಸ್ವಲ್ಪ ಹೊತ್ತು ನೋಡುವುದು, ಮತ್ತೆ ಒತ್ತುವುದು. ಒಳಗಿನಿಂದ ಇಣುಕಿ ನೋಡುವಾಗೆಲ್ಲ ನನಗೆ ಹೊಟ್ಟೆ ತುಂಬುತ್ತಿತ್ತು. ಓಣಿಯವರ ಮುಂದೆ ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು. ಊಟದ ನಂತರದ ಮಾತು ಮಾತ್ರ ಮರಳಿ ಬರಲಿಲ್ಲ. "ಏನ್ ನಡದೈತ್ರಿ ಕಥಿಯಾಗ?" ಅಂದರೆ, "ನಡದೈತಿ ಛಲೋ" ಅನ್ನುತ್ತಿದ್ದರು.

ಒಂದು ದಿನ ಚಹಾ ಕೊಡಲು ಬಗ್ಗಿದಾಗ ಪರದೆ ಕಣ್ಣಿಗೆ ಬಿತ್ತು. ಪೂರ್ತಿ ಇಂಗ್ಲಿಷ್. ಎಲ್ಲೋ ಬೆರಳು ತಾಗಿ ಕಥೆ ಮುಚ್ಚಿ, ಯಂತ್ರ ಬಳಸುವ ವಿಧಾನದ ಹಾಳೆಗಳು ತೆರೆದುಕೊಂಡಿದ್ದವು. ಇವರಿಗೆ ಇಂಗ್ಲಿಷಿನಲ್ಲಿ ಅಂಗಡಿಯ ಬೋರ್ಡು ಓದುವುದೂ ಕಷ್ಟ. ಆದರೂ ಗುಂಡಿ ಒತ್ತುತ್ತಿದ್ದರು, ತಲೆ ಆಡಿಸುತ್ತಿದ್ದರು, ಮುಂದಿನ ಹಾಳೆಗೆ ಹೋಗುತ್ತಿದ್ದರು.

"ರೀ, ಇದು ಇಂಗ್ಲಿಷ್ ಐತಲ್ರಿ" ಅಂದೆ.

ಅವರು ನನ್ನ ಮುಖ ನೋಡಿದರು. "ಹೌದೇನು?" ಅಂದರು.

ಆ 'ಹೌದೇನು' ಈಗಲೂ ನನ್ನ ಕಿವಿಯಲ್ಲಿದೆ. ಕೈಯಲ್ಲಿನ ಬಟ್ಟಲು ಕೆಳಗಿಟ್ಟು ಅವರ ಪಕ್ಕದಲ್ಲೇ ಕೂತೆ. ಅವರು ನಿಧಾನಕ್ಕೆ ಹೇಳಿದರು. "ಕಣ್ಣಿಗೆ ಕಾಣಸ್ತಾವ. ಆದರ ಯಾವುದು ಏನು ಅಂತ ತಿಳಿಯೂದುಲ್ಲ. ಎಲ್ಲಾ ಇರುವಿ ಹರದಾಡಿದಂಗ. ದವಾಖಾನಿಯಾಗ ಗೋಡಿ ಮ್ಯಾಲಿನ ಬೋರ್ಡು ನೋಡಿದಾಗಿಂದನೂ ಹಿಂಗ."

"ನನ್ನ ಮುಂದನೂ ಹೇಳಬಾರದಿತ್ತೇನ್ರಿ?"

"ಮಾಲು ಕೆಟ್ಟೈತಿ ಅಂತ ಯಾಂವರ ತಾನ ಸಾರತಾನೇನು?"

ನನಗೆ ಸಿಟ್ಟು ಬಂತು, ಅಳು ಬಂತು, ಎರಡೂ ಒಟ್ಟಿಗೇ ಬಂದವು. "ಅಂಗಡಿಯಾಗರ ಬಾಯಿ ಬಿಡಬೇಕಿತ್ತಲ್ರಿ? ಆ ಓದಿ ಹೇಳೂದು ಬೇಕಂದಿದ್ರ ಅದನ್ನ ತರತಿದ್ವಿ" ಅಂತ ಕೂಗಿದೆ.

"ಹೇಳಿದ್ನಲ್ಲ," ಅಂದರು. "ಛಲೋ ಐತಿ ಅಂದೆ. ನೀವು ನಕ್ರಿ."

ಧಾರವಾಡದ ಡಾಕ್ಟರರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಕಣ್ಣು ಸರಿಯಿದೆ, ಬುದ್ಧಿ ಸರಿಯಿದೆ, ಕಣ್ಣು ಕಂಡ ಅಕ್ಷರ ಮೆದುಳಿನಲ್ಲಿ ಅದನ್ನು ಗುರುತಿಸುವ ಜಾಗಕ್ಕೆ ಹೋಗುವ ದಾರಿ ಹಾಳಾಗಿದೆ ಅಂದರು. ಚಷ್ಮಾದಿಂದ ಆಗದು, ದೊಡ್ಡ ಅಕ್ಷರದಿಂದಲೂ ಆಗದು. ಬರೆಯುವುದು ಮಾತ್ರ ಉಳಿದಿರಬಹುದು ನೋಡೋಣ ಅಂತ ಕಾಗದ ಕೊಟ್ಟರು. ನನ್ನ ಗಂಡ ತಮ್ಮ ಊರಿನ ಹೆಸರನ್ನು ಸೊಟ್ಟಸೊಟ್ಟಾಗಿ, ಆದರೆ ತಪ್ಪಿಲ್ಲದೆ ಬರೆದರು. ಡಾಕ್ಟರರು ಆ ಕಾಗದವನ್ನು ತುಸು ಹೊತ್ತು ಮರೆಮಾಡಿ, ಮತ್ತೆ ಮುಂದಿಟ್ಟು ಇದೇನು ಅಂತ ಕೇಳಿದರು. ಗೊತ್ತಿಲ್ಲ ಅಂದರು. ತಾವೇ ಬರೆದದ್ದನ್ನು ತಾವೇ ಓದಲಾರರು. ಇಂಥದ್ದೂ ಒಂದು ಶಿಕ್ಷೆ ಇರುತ್ತದೆ ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ. ದಿನಾ ಒಂದು ಸಾಲು ಬರೆಸಿ, ಬೆರಳಿನಿಂದ ತಿದ್ದಿಸಿ, ಕೆಲವರಿಗೆ ಸ್ವಲ್ಪ ಮರಳುತ್ತದೆ ಅಂದರು ಡಾಕ್ಟರರು.

ಮೈದುನ ಅದೇ ದಿನ ಟ್ಯಾಬ್ಲೆಟ್ ತಂದ. ಈಗ ಯಾರಿಗೂ ವಾದ ಬೇಕಿರಲಿಲ್ಲ. ಅದು ಓದಿತು. ಅಡ್ಡಿಯಿಲ್ಲ, ಸ್ಪಷ್ಟವಾಗಿಯೇ ಓದಿತು. ಅಳುವ ಸಾಲನ್ನೂ ಉಣ್ಣುವ ಸಾಲನ್ನೂ ಒಂದೇ ದನಿಯಲ್ಲಿ ಓದಿತು. ಕೆಲವು ದಿನ ಕೇಳಿ ಅವರು ಬಂದ್ ಮಾಡಿದರು. "ನಾ ನಿಂದರೂ ಕಡೆ ಇದು ನಿಂದರೂದುಲ್ಲ" ಅಂದರು. ಒಳ್ಳೆಯ ಮಾತೊಂದು ಬಂದರೆ ಅದರ ಮೇಲೆ ಬೆರಳಿಟ್ಟು ಹೊರಗೆ ನೋಡುವುದು ಅವರ ಅಭ್ಯಾಸವಾಗಿತ್ತು. ಆಮೇಲೆ ನಾನೇ ಓದಿದೆ. ಬೀಗರ ಮನೆಗೆ ಬಂದವರ ಹಾಗೆ ಮರ್ಯಾದೆಯಿಂದ ಕೂತು ಕೇಳಿದರು, ಮುಗಿದ ಮೇಲೆ "ದಣಿದಿ, ಸಾಕು" ಅಂದರು. ಆ ಮರ್ಯಾದೆ ನನಗೆ ತಡೆಯಲಾಗಲಿಲ್ಲ. ಅಡಿಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ.

ಪಾಟಿ ಮತ್ತು ಬಳಪ ತಂದು ಡಾಕ್ಟರರು ಹೇಳಿದಂತೆ ಬರೆಸುತ್ತಿದ್ದೆ. ಮಳೆ ಬರತೈತಿ, ಎಮ್ಮಿ ಹಾಲು, ಇಂಥವೇ ಏನಾದರೂ ಬರೆಯುತ್ತಿದ್ದರು. ತಿದ್ದುವಾಗ ಒಮ್ಮೊಮ್ಮೆ ಒಂದಕ್ಷರ ಬೆರಳಿಗೆ ಸಿಗುತ್ತಿತ್ತು, ಮುಂದಿನದಕ್ಕೆ ಹೋಗುವಷ್ಟರಲ್ಲಿ ಹಿಂದಿನದು ಜಾರಿಹೋಗುತ್ತಿತ್ತು. ತಿಂಗಳುಗಳು ಕಳೆದವು. ಮೊನ್ನೆ ಮುಂಜಾನೆ ಕಪಾಟಿನ ಎದುರು ಕುರ್ಚಿ ಎಳೆದುಕೊಂಡು ಕೂತು ತಾವಾಗೇ ಪಾಟಿ ಕೇಳಿದರು. ಬಹಳ ಹೊತ್ತು ಬಗ್ಗಿ ಬರೆದು ನನ್ನ ಕೈಗೆ ಕೊಟ್ಟರು.

'ಪುಸ್ತಕ ಎಲ್ಲಾ ಯಾರಿಗರ ಕೊಟ್ಟು ಬಿಡು. ನನಗ ನೋಡಾಕ ಆಗವಲ್ದು.'

ನಾನು ಆ ಸಾಲನ್ನು ಎರಡೆರಡು ಸಲ ಓದಿದೆ. ಅವರು ಸಾಲಿಯ ಹುಡುಗನ ಹಾಗೆ ನನ್ನ ಮುಖವನ್ನೇ ನೋಡುತ್ತಿದ್ದರು.

"ಸರಿ ಬರದೇನೇನು?" ಅಂತ ಕೇಳಿದರು.

"ಒಂದಕ್ಷರ ತಪ್ಪಿಲ್ಲರಿ" ಅಂದೆ.